ಮೆಮೊರಿ ತುಂಬೇದ ಅಂದ ಕೂಡ್ಲೆ ಭಿಶಿ ಎತ್ತಬ್ಯಾಡ್ರಿ

ಮೊನ್ನೆ ಮಂಗಳವಾರ ಎದುರುಮನಿ ವೈನಿ ಕರಿಬೇವು ಕೇಳ್ಲಿಕ್ಕೆ ಬಂದವ್ರು ಹಂಗ ಒಳಗ ಬಂದು ಕೂತ್ರು. ಮಾರಿ ಸಪ್ಪಗಿತ್ತು. "ಈ ತಿಂಗಳ ಭಿಶಿ ನನಗ ಕೊಡ್ಸ್ರಿ. ಮನ್ಯಾಗಿನ ಕಂಪ್ಯೂಟರ್‌ದು ಮೆಮೊರಿ ತುಂಬಿಬಿಟ್ಟದಂತ. ಅಂಗಡ್ಯಾಂವ ನೋಡಿ, ಇದು ಇನ್ನ ನಡಿಯೂದಿಲ್ಲ, ಹೊಸಾದು ತಗೋರಿ ಅಂದ" ಅಂತ ಹೇಳಿದ್ರು.

ನಮ್ಮ ಭಿಶಿ ನಿಮಗ ಗೊತ್ತೇ ಅದ. 20 ಮಂದಿ, ತಿಂಗಳಿಗೆ 2,000 ರೂಪಾಯಿ, ಎತ್ತಿದವ್ರಿಗೆ 40,000. ಆ ರೊಕ್ಕಾ ವೈನಿ ಮಗಳ ಬಾಣಂತನಕ್ಕ ಅಂತ ಮನಸ್ಸಿನ್ಯಾಗ ಎಣಿಸಿ ಇಟ್ಟುಕೊಂಡಿದ್ರು. ಅದನ್ನ ಈಗ ಒಂದು ಡಬ್ಬಿಗೆ ಹಾಕ್ಲಿಕ್ಕೆ ಹೊಂಟಾರ. "ಎರಡು ದಿನ ತಡೀರಿ, ನಾ ಬಂದು ನೋಡ್ತೀನಿ" ಅಂದೆ. ಪಡಸಾಲಿಯೊಳಗ ಪೇಪರ್ ಓದ್ಲಿಕ್ಕತ್ತಿದ್ದ ನಮ್ಮನಿಯವ್ರು "ಪಿಯುಸಿ ಆರ್ಟ್ಸ್ ಮಾಡಿದಾಕಿ ಕಂಪ್ಯೂಟರ್ ಡಾಕ್ಟರ್ ಆದ್ಲು" ಅಂತ ನಕ್ಕರು. ನಗ್ಲಿ ಬಿಡ್ರಿ. ಈ ಮೆಮೊರಿ ಅನ್ನೋದರ ಸಲುವಾಗಿ ನಾ ಒಮ್ಮೆ 19 ಮಂದಿ ಮುಂದ ಮಾರಿ ಕೆಡಿಸ್ಕೊಂಡಾಕಿ. ಅದಕ್ಕ ಕಲಿತೆ.

ಆ ಕಥಿ ಹೇಳ್ತೀನಿ, ಆಮ್ಯಾಲ ವೈನಿ ಮಷೀನ್ ಕಡೆ ಬರೂಣು.

ನಾ ಭಿಶಿ ಲೆಕ್ಕಾ ಬರಿಯೂದು, ಇಲ್ಲಿ ನಿಮಗ ಇಂಥಾ ಬರಹ ಬರಿಯೂದು ಎಲ್ಲಾ ಒಂದು ಹಳೇ ಲ್ಯಾಪ್‌ಟಾಪ್ ಮ್ಯಾಲ. ನಮ್ಮ ತಂಗಿ ಮಗ ಬೆಂಗಳೂರಾಗ ಹೊಸಾದು ತಗೊಂಡಾಗ ಹಳೇದು ನನಗ ಕೊಟ್ಟ. ಅದರಾಗ ಲಿನಕ್ಸ್ ಮಿಂಟ್ ಹಾಕ್ಯಾನ. ಲಿನಕ್ಸ್ ಅಂದ್ರ ರೊಕ್ಕಾ ಕೊಡದ ಸಿಗ್ತದ. 1991ರಾಗ ಲೀನಸ್ ಟೊರ್ವಾಲ್ಡ್ಸ್ ಅಂಬೋ ಹುಡುಗ ಫಿನ್‌ಲ್ಯಾಂಡಿನ್ಯಾಗ ಓದ್ಕೋತ ಇದ್ದಾಗ ಶುರು ಮಾಡಿದ್ದು. ನಿಮ್ಮೆಲ್ಲಾರ ಕೈಯಾಗಿನ ಆಂಡ್ರಾಯ್ಡ್ ಫೋನಿನ ತಳದಾಗೂ ಅದರ ಕರ್ನಲ್ಲ ಕೂತದ, ಹಿಂಗಾಗಿ ನಮಗೇನು ಅದು ಪರಕೀಯ ಅಲ್ಲ. ನನ್ನ ಮಷೀನ್‌ನಾಗ ಇರೂದು 4 ಜಿಬಿ ಮೆಮೊರಿ, ಅಂದ್ರ ರ‍್ಯಾಮ್. ಒಳಗಿನ ಡಿಸ್ಕ್ ಗಿರಗಿರ ತಿರುಗೂ ಹಳೇ ಕಾಲದ್ದು.

ಹ್ವಾದ ವರ್ಷ ಒಂದು ಶನಿವಾರ ಸಂಜಿ ಹಿಂದಿನ ಓಣಿ ಸಣ್ಣ ಸೊಸಿ ಬಂದು ತನ್ನ ಕಂತು ಕೊಟ್ಟಳು. ಬ್ಲೌಸ್ ಹೊಲಿದು ಗಳಿಸಿದ ರೊಕ್ಕಾ. ನಾ ಆಕಿ ಮುಂದನ ಲೆಕ್ಕದ ಹಾಳಿಯೊಳಗ ಬರದೆ. ಆಕಿ ಹೋಗಿ ಐದು ನಿಮಿಷಕ್ಕ ಮೌಸ್ ನಿಂತು ಬಿಡ್ತು. ಕೀ ಒತ್ತಿದ್ರ ಅಕ್ಷರ ಬರವಲ್ದು. ಡಿಸ್ಕಿನ ದೀಪ ಮಾತ್ರ ಹುಚ್ಚು ಹಿಡಿದಂಗ ಮಿಣಮಿಣ ಅಂತಿತ್ತು. ಅನ್ನಕ್ಕ ಇಟ್ಟು ಬಂದು ನೋಡಿದೆ, ಹಂಗ ಅದ. ಸಾರು ಕುದಿಸಿ ಬಂದೆ, ಹಂಗ ಅದ. ಸಿಟ್ಟು ಬಂದು ಪವರ್ ಬಟನ್ ಒತ್ತಿ ಹಿಡ್ಕೊಂಡು ಬಂದ್ ಮಾಡಿದೆ.

ಸೋಮವಾರ ಭಿಶಿ ಕೂಡಿತು. ನಾ ಹೆಸರು ಓದ್ಕೋತ ಬಂದೆ. ಆ ಹುಡುಗಿ ಮುಂದ ಜಾಗಾ ಖಾಲಿ. "ನಿಂದು ಬಂದಿಲ್ಲಲ್ಲವಾ" ಅಂದೆ. "ಕಾಕು, ಶನಿವಾರ ಕೊಟ್ಟೀನಲ್ರಿ" ಅಂದ್ಲು. "ಕಂಪ್ಯೂಟರ್ ಸುಳ್ಳು ಹೇಳ್ತದೇನು?" ಅಂತ ಯಾರೋ ಅಂದ್ರು. ಇಬ್ಬರು ಮೂವರು ನಕ್ಕರು. ನಾ ಬಾಯಿ ಮುಚ್ಕೊಂಡು ಕೂತೆ, ಯಾಕಂದ್ರ ನನಗೂ ಪರದೆ ಮ್ಯಾಲಿನ ಖಾಲಿ ಜಾಗಾನ ಖರೇ ಅನಿಸಿತ್ತು. ಆ ಹುಡುಗಿ ಚಹಾ ಮುಟ್ಟದ ಎದ್ದು ಹೋದ್ಲು. ರಾತ್ರಿ ರೊಕ್ಕದ ಡಬ್ಬಿ ಎಣಿಸಿದ್ರ ಲೆಕ್ಕಕ್ಕಿಂತ 2,000 ಹೆಚ್ಚಿಗಿ. ಆವಾಗ ನೆನಪಾತು. ನಾ ಬರದಿದ್ದೆ, ಆದ್ರ ಉಳಿಸಿರಲಿಲ್ಲ. ಲಿಬ್ರೆ ಆಫೀಸ್ 10 ನಿಮಿಷಕ್ಕೊಮ್ಮೆ ತಾನ ಒಂದು ಪ್ರತಿ ಮಾಡಿ ಇಟ್ಟುಕೋತದ ಖರೇ, ಆದ್ರ ಆ ಬರವಣಿಗಿ ಆ 10 ನಿಮಿಷದ ಒಳಗಿಂದಾಗಿತ್ತು. ರ‍್ಯಾಮಿನ್ಯಾಗ ಇರೂದು ಕರೆಂಟ್ ಹೋದ್ರ ಹೋತು.

ಮರುದಿನ ಮುಂಜಾನೆ ಆಕಿ ಮನಿಗೆ ಹೋಗಿ ತಪ್ಪಾತವಾ ಅಂತ ಕೇಳಿಕೊಂಡೆ. ಆಕಿ "ಇರ್ಲಿ ಬಿಡ್ರಿ ಕಾಕು" ಅಂದ್ಲು. ಆ "ಇರ್ಲಿ ಬಿಡ್ರಿ" ಎಂಥಾದ್ದು ಅಂತ ನಿಮಗೂ ಗೊತ್ತದ.

ಇನ್ನ ಮಷೀನ್ ಸುದ್ದಿ. ಪೇಟ್ಯಾಗಿನ ಒಂದು ಅಂಗಡಿಗೆ ಒಯ್ದೆ. ಆ ಹುಡುಗ ಚಾಲೂ ಮಾಡಿ, ಏನೇನೋ ತಗದು ಹಾಕಿ, ಕಡಿಗೆ ಕರೇ ಪರದೆಯೊಳಗ ಎರಡು ಅಕ್ಷರ ಬರದು ತೋರಿಸಿದ. "ನೋಡ್ರಿ ಆಂಟಿ, ನಿಮ್ಮದು 4 ಜಿಬಿ. ಫ್ರೀ ಇರೂದು ಬರೇ 180 ಎಂಬಿ. ಎಲ್ಲಾ ತುಂಬೇದ." ನಾ ಆ ಪರದೆದು ಫೋಟೊ ಹೊಡ್ಕೊಂಡೆ. ಅಂವ ಒಂದು ಕ್ಲೀನರ್ ಹಾಕ್ತೀನಿ ಅಂತ ಹಾಕಿ 300 ರೂಪಾಯಿ ತಗೊಂಡ. ಇದಕ್ಕೂ ಸುಧಾರಿಸಲಿಲ್ಲಂದ್ರ ಹೊಸಾದು ತಗೋರಿ ಅಂದ. ಮನಿಗೆ ಬಂದು ನೋಡಿದ್ರ ಫ್ರೀ ಅನ್ನೂದು 2 ಜಿಬಿ ತೋರಿಸ್ತಿತ್ತು. 300 ರೂಪಾಯಿಗೆ ಇಷ್ಟು ಜಾಗಾ ಸಿಕ್ತಲ್ಲ ಅಂತ ಖುಷಿ ಆದೆ. ಆದ್ರ ಮಷೀನ್ ಮೊದ್ಲಿಗಿಂತ ಸಾವಕಾಶ ಆಗಿತ್ತು. ಲೆಕ್ಕದ ಹಾಳಿ ತಗದು, ಮುಚ್ಚಿ, ಹೊಳ್ಳಿ ತಗದ್ರ ಮೊದ್ಲನೇ ಸಲದಷ್ಟ ಹೊತ್ತು ತಗೋತಿತ್ತು.

ಪಂಚಮಿಗೆ ತಂಗಿ ಮಗ ಬಂದ. ಆ ಕ್ಲೀನರ್ ನೋಡಿ ತಲಿ ಮ್ಯಾಲ ಕೈ ಇಟ್ಟುಕೊಂಡ. ನಾ ಕಟ್ಟಿ ತುಂಬ ಪರಾತ ಹರವಿಕೊಂಡು ಉಂಡಿ ಕಟ್ಟಲಿಕ್ಕತ್ತಿದ್ದೆ. ಶೇಂಗಾದ್ದು, ಎಳ್ಳಿಂದು, ರವಾದ್ದು. ಬೆಲ್ಲದ ಡಬ್ಬಿ, ಯಾಲಕ್ಕಿ ಡಬ್ಬಿ, ತುಪ್ಪದ ಗಿಂಡಿ ಎಲ್ಲಾ ಕೈಗೆ ಸಿಗೂ ಹಂಗ ಕಟ್ಟಿ ಮ್ಯಾಲ. ಅಂವ ಬಾಗಿಲದಾಗ ನಿಂತು "ಮೌಶಿ, ನಿನ್ನ ಕಟ್ಟಿ ಮ್ಯಾಲ ಖಾಲಿ ಜಾಗಾ ಎಷ್ಟದ?" ಅಂದ. ಗೇಣು ಜಾಗಾ ಇಲ್ಲ ಅಂದೆ. "ಹಂಗಾರ ನಿನ್ನ ಅಡಿಗಿಮನಿ ಕೆಟ್ಟದೇನು? ಹೊಸಾದು ಕಟ್ಟಿಸೂಣೇನು?"

ನನಗ ಅಲ್ಲೇ ಅರ್ಧ ತಿಳೀತು. ಇನ್ನರ್ಧ ಅಂವ ಕೂತು ಹೇಳಿದ.

ರ‍್ಯಾಮ್ ಅಂದ್ರ ಕಟ್ಟಿ. ಡಿಸ್ಕ್ ಅಂದ್ರ ಹಿಂದಿನ ಸಾಮಾನಿನ ಖೋಲಿ. ಖೋಲಿಗೆ ಹೋಗಿ ತರೂದು ತಡಾ. ಎಷ್ಟು ತಡಾ ಅಂದ್ರ, ತಿರುಗೂ ಡಿಸ್ಕಿನ್ಯಾಗ ಒಂದು ಸಾಮಾನು ಹುಡುಕೂದು ರ‍್ಯಾಮಿಗಿಂತ ಹೆಚ್ಚುಕಡಿಮಿ ಲಕ್ಷಪಟ್ಟು ನಿಧಾನ. ಅದಕ್ಕ ಲಿನಕ್ಸ್ ಏನು ಮಾಡ್ತದ, ಒಮ್ಮೆ ಖೋಲಿಯಿಂದ ತಂದ ಡಬ್ಬಿನ್ನ ಕೆಲಸ ಮುಗೀತಂತ ಹೊಳ್ಳಿ ಒಯ್ದು ಇಡೂದಿಲ್ಲ. ಕಟ್ಟಿ ಮ್ಯಾಲನ ಇಟ್ಟುಕೋತದ, ಹೊಳ್ಳಿ ಬೇಕಾದೀತು ಅಂತ. ಇದಕ್ಕ ಕ್ಯಾಶ್ ಅಂತಾರ. (ರೊಕ್ಕದ ಕ್ಯಾಶ್ ಅಲ್ಲ, ಉಚ್ಚಾರಷ್ಟ ಒಂದ. ನಮ್ಮನಿಯವ್ರಿಗೆ ಇದನ್ನ ಹೇಳ್ಲಿಕ್ಕೆ ಒಂದು ತಾಸು ಬೇಕಾತು.) ಯಾರರೆ ಪರಾತ ಇಡ್ಲಿಕ್ಕೆ ಜಾಗಾ ಕೇಳಿದ್ರಂದ್ರ, ಆ ಡಬ್ಬಿ ಸರಿಸಿ ಆ ಕ್ಷಣ ಜಾಗಾ ಕೊಡ್ತದ. ಡಬ್ಬಿಯೊಳಗಿಂದು ಖೋಲಿಯೊಳಗ ಇದ್ದ ಇರ್ತದ, ಅದಕ್ಕ ನುಕ್ಸಾನ ಏನಿಲ್ಲ.

ಅಂದಮ್ಯಾಲ ಖಾಲಿ ಬಿದ್ದ ಮೆಮೊರಿ ಉಳಿತಾಯ ಅಲ್ಲ. ರೊಕ್ಕಾ ಕೊಟ್ಟು ಕಟ್ಟಿ ಕಟ್ಟಿಸಿ, ಅದರ ಮ್ಯಾಲ ಏನೂ ಇಡದ ಒರಿಸಿ ಒರಿಸಿ ನೋಡಿದಂಗ. ನನ್ನ ಕೇಳಿದ್ರ ಆ "ಫ್ರೀ" ಅನ್ನೋ ಹೆಸರ ತಪ್ಪು. ಅದನ್ನ "ಬಳಸದ ಬಿಟ್ಟಿದ್ದು" ಅಂತ ಕರದಿದ್ರ ಎಷ್ಟೋ ಮಂದಿ ರೊಕ್ಕಾ ಉಳೀತಿತ್ತು.

ಆ ಕ್ಲೀನರ್ ಏನು ಮಾಡ್ತಿತ್ತು ಅಂದ್ರ, ಐದು ನಿಮಿಷಕ್ಕೊಮ್ಮೆ ಬಂದು ಕಟ್ಟಿ ಮ್ಯಾಲಿನ ಡಬ್ಬಿ ಎಲ್ಲಾ ಎತ್ತಿ ಖೋಲಿಗೆ ಹಾಕ್ತಿತ್ತು. ಡ್ರಾಪ್ ಕ್ಯಾಶಸ್ ಅಂತ ಅದರ ಹೆಸರು. ಲಿನಕ್ಸ್ ಕರ್ನಲ್ ಜೋಡಿ ಬರೂ ಕಾಗದದಾಗನ ಬರದಾರಂತ, ಇದು ಕ್ಯಾಶ್ ಹತೋಟಿಗೆ ಇಡೂ ಸಾಧನ ಅಲ್ಲ, ಪರೀಕ್ಷಾ ಮಾಡೂ ಹೊತ್ತು ಬಿಟ್ಟು ಬ್ಯಾರೆ ವ್ಯಾಳ್ಯಾಕ್ಕ ಬಳಸಬ್ಯಾಡ್ರಿ ಅಂತ. ಒಗ್ಗರಣಿ ಹಾಕೂ ಹೊತ್ತಿನ್ಯಾಗ ಸಾಸ್ವಿ ಡಬ್ಬಿ ಕಸ್ಗೊಂಡು ಓಡಿದ್ರ ಅಡಿಗಿ ಚುರುಕಾದೀತೇನು? 300 ರೂಪಾಯಿ ಕೊಟ್ಟು ನಾ ಅದನ್ನ ಮಾಡಿಸ್ಕೊಂಡಿದ್ದೆ. ತಗಸಿ ಹಾಕಿದೆ.

ಈಗ ನೋಡೂದು ಹೆಂಗ ಅನ್ನೂದು. ಟರ್ಮಿನಲ್ ಅಂತ ಕರೇ ಪರದೆ ಇರ್ತದ, ಹೆದರಬ್ಯಾಡ್ರಿ, ನೋಡಿದ್ದಕ್ಕ ಏನೂ ಕೆಡೂದಿಲ್ಲ. ಅದರಾಗ ಇಂಗ್ಲಿಷ್ ಸಣ್ಣ ಅಕ್ಷರದಾಗ ಫ್ರೀ ಅಂತ ಬರದು, ಒಂದು ಜಾಗಾ ಬಿಟ್ಟು, ಸಣ್ಣ ಅಡ್ಡಗೀಟು, ಅದಕ್ಕ ಹಚ್ಚಿ ಎಚ್ ಅಂತ ಒತ್ತಿ ಎಂಟರ್ ಹೊಡೀರಿ. ಎಚ್ ಅಂದ್ರ ಮನುಷ್ಯರು ಓದೂ ಹಂಗ ತೋರಿಸು ಅಂತ ಅರ್ಥ. ಸಾಲಾಗಿ ಬರ್ತದ: ಟೋಟಲ್, ಯೂಸ್ಡ್, ಫ್ರೀ, ಶೇರ್ಡ್, ಬಫ್-ಕ್ಯಾಶ್, ಅವೇಲೆಬಲ್. ಕೆಳಗ ಇನ್ನೊಂದು ಸಾಲು, ಸ್ವಾಪ್ ಅಂತ.

ಅಂಗಡ್ಯಾಗ ಹೊಡ್ಕೊಂಡ ಫೋಟೊದಾಗ ಇದ್ದದ್ದು: ಟೋಟಲ್ 3.7, ಯೂಸ್ಡ್ 1.4, ಫ್ರೀ 180 ಎಂಬಿ, ಬಫ್-ಕ್ಯಾಶ್ 2.1, ಅವೇಲೆಬಲ್ 1.9 ಜಿಬಿ. 4 ಜಿಬಿ ಇದ್ದದ್ದು 3.7 ಯಾಕಾತು ಅಂತ ಕೇಳಬ್ಯಾಡ್ರಿ, ಚಿತ್ರ ತೋರಿಸೂ ಭಾಗ ತನ್ನ ಪಾಲು ಮೊದ್ಲ ತಗದಿಟ್ಟುಕೋತದ, ಎಣಿಸೂ ರೀತಿನೂ ಸ್ವಲ್ಪ ಬ್ಯಾರೆ. ನೋಡಬೇಕಾದ್ದು ಕಡೀ ಅಂಕಿ. ಅವೇಲೆಬಲ್ ಅಂದ್ರ, ಹೊಸಾ ಕೆಲಸ ಬಂದ್ರ ಸ್ವಾಪಿಗೆ ಕೈ ಹಚ್ಚದ ಎಷ್ಟು ಕೊಡಬಹುದು ಅಂತ ಕರ್ನಲ್ಲ ಹಾಕಿದ ಅಂದಾಜು. ಈ ಅಂದಾಜು ಕರ್ನಲ್ಲಿನ್ಯಾಗ ಬಂದದ್ದು 2014ರಾಗ. ಅದಕ್ಕೂ ಮೊದ್ಲ ಮಂದಿ ಫ್ರೀ ಮತ್ತ ಕ್ಯಾಶ್ ಎರಡೂ ಕೂಡಿಸಿ ನೋಡ್ತಿದ್ರು. ಅದು ಪೂರಾ ಬರೋಬ್ಬರಿ ಅಲ್ಲ, ಯಾಕಂದ್ರ ಶೇರ್ಡ್ ಅಂಬೋದು ಕ್ಯಾಶಿನ ಲೆಕ್ಕದಾಗ ಕೂತಿರ್ತದ, ಆದ್ರ ಅದನ್ನ ಡಬ್ಬಿ ಹಂಗ ಸರಿಸ್ಲಿಕ್ಕೆ ಬರೂದಿಲ್ಲ.

ಹಂಗಾರ ಅಂಗಡ್ಯಾಂವ ನೋಡಿದಾಗ ನನ್ನ ಮಷೀನ್ ಆರಾಮ ಇತ್ತು! ಅರ್ಧ ಕಟ್ಟಿ ತೆರವಿತ್ತು. ಹಂಗಂತ ನನ್ನ ತ್ರಾಸು ಸುಳ್ಳಲ್ಲ. ಶನಿವಾರ ಅದು ಸತ್ತಂಗ ನಿಂತದ್ದು ಖರೇ. ಅಂದ್ರ ರೋಗ ಬ್ಯಾರೆ ಹೊತ್ತಿನ್ಯಾಗ ಬರ್ತಿತ್ತು, ಅಂಗಡಿಗೆ ಒಯ್ದಾಗ ಇರ್ತಿರಲಿಲ್ಲ. ಕೂಸಿನ ಜ್ವರ ಡಾಕ್ಟರ್ ಕಡೆ ಹೋಗೂದ್ರಾಗ ಇಳಿಯೂ ಹಂಗ.

ಅಳಿಯ ಊರಿಗೆ ಹ್ವಾದಮ್ಯಾಲ ನಾ ಒಂದು ಕೆಲಸ ಮಾಡಿದೆ. ಹಾಲಿನ ಲೆಕ್ಕಾ ಬರಿಯೂ ಕ್ಯಾಲೆಂಡರ್ ಅದಲ್ಲ, ಅದರ ಮ್ಯಾಲ ದಿನಾ ಮುಂಜಾನೆ, ಸಂಜಿ ಅವೇಲೆಬಲ್ ಎಷ್ಟು, ಸ್ವಾಪ್ ಎಷ್ಟು ಅಂತ ಬರದೆ. ಅರ್ಧಾ ಲೀಟರ್, ಒಂದು ಲೀಟರ್ ಅಂತ ಬರಿಯೂ ಚೌಕದಾಗ 1.9, 1.6 ಅಂತ. ಎಂಟು ದಿನ. ಐದನೇ ದಿನ ಸಂಜಿ ಮಷೀನ್ ಬಿಗಿ ಹಿಡೀಲಿಕ್ಕತ್ತು. ಕಷ್ಟಪಟ್ಟು ನೋಡಿದೆ. ಯೂಸ್ಡ್ 3.2 ಜಿಬಿ, ಫ್ರೀ 110 ಎಂಬಿ, ಬಫ್-ಕ್ಯಾಶ್ 390 ಎಂಬಿ, ಅವೇಲೆಬಲ್ 95 ಎಂಬಿ. ಸ್ವಾಪ್ 2 ಜಿಬಿ ಇದ್ದದ್ದು 2ಕ್ಕ 2 ತುಂಬಿತ್ತು.

ಎರಡೂ ಸಾಲು ಬಾಜೂ ಬಾಜೂ ಇಟ್ಟು ನೋಡ್ರಿ. ಅಂಗಡ್ಯಾಗ ಫ್ರೀ 180, ಬಿಗಿ ಹಿಡಿದಾಗ ಫ್ರೀ 110. ಏನು ಫರಕು ಅದ? ಏನೂ ಇಲ್ಲ. ಅವೇಲೆಬಲ್ ನೋಡ್ರಿ, ಅಲ್ಲಿ 1.9 ಜಿಬಿ, ಇಲ್ಲಿ 95 ಎಂಬಿ. ಒಂದು ಉಂಡು ಆರಾಮ ಕೂತ ಮನಿ, ಇನ್ನೊಂದು ಅಕ್ಕಿ ಡಬ್ಬಿ ತಳ ಕಂಡ ಮನಿ. ಫ್ರೀ ನೋಡಿದವ್ರಿಗೆ ಎರಡೂ ಒಂದ ಕಾಣ್ತಾವ. ಈ ಮಾತಿನ ಮ್ಯಾಲ ನಾ ಯಾರ ಜೋಡಿ ಬೇಕಾದ್ರೂ ವಾದಾ ಮಾಡ್ತೀನಿ. ಅವೇಲೆಬಲ್ ನೋಡದ ಮೆಮೊರಿ ತುಂಬೇದ ಅಂದವ್ರ ಮಾತು ಕೇಳಿ ಒಂದು ರೂಪಾಯಿ ಬಿಚ್ಚಬ್ಯಾಡ್ರಿ.

ಸ್ವಾಪ್ ಅಂದ್ರ ಅಟ್ಟ. ಕಟ್ಟಿ ಮ್ಯಾಲ ಎರಡು ಥರದ ಸಾಮಾನು ಇರ್ತಾವ. ಡಬ್ಬಿ, ಅದರದ್ದು ಖೋಲಿಯೊಳಗ ಇನ್ನೊಂದು ಅದ, ಸರಿಸಿದ್ರ ನಡೀತದ. ಕಲಿಸಿಟ್ಟ ಹಿಟ್ಟು, ಅದು ಮತ್ತೆಲ್ಲೂ ಇಲ್ಲ, ಒಗದ್ರ ಹೋತು. ನಾ ಬರದು ಉಳಿಸದ ಬಿಟ್ಟ ಆ 2,000 ರೂಪಾಯಿ ಸಾಲು ಅಂಥಾ ಹಿಟ್ಟು. ಜಾಗಾ ಸಾಲದಾದಾಗ ಆ ಹಿಟ್ಟಿನ ಪರಾತ ಎತ್ತಿ ಅಟ್ಟಕ್ಕ ಇಡ್ತದ. ಅಟ್ಟ ಇರೂದು ಡಿಸ್ಕಿನ ಮ್ಯಾಲ, ಅಂದ್ರ ಲಕ್ಷಪಟ್ಟು ನಿಧಾನ. ಒಮ್ಮೆ ಇಟ್ಟು ಬಿಟ್ಟರ ತ್ರಾಸಿಲ್ಲ. ದಿನಗಟ್ಲೆ ಮುಟ್ಟದ್ದು ಅಟ್ಟದ ಮ್ಯಾಲ ಇದ್ರ ಇರ್ಲಿ, ಸ್ವಾಪಿನ್ಯಾಗ 300 ಎಂಬಿ ಕಂಡ ಕೂಡ್ಲೆ ಎದಿ ಒಡ್ಕೋಬಾರದು. ತ್ರಾಸು ಯಾವಾಗಂದ್ರ, ಇಳಿಸೂದು ಏರಿಸೂದು, ಇಳಿಸೂದು ಏರಿಸೂದು ಚಾಲೂ ಆದಾಗ. ಎಲ್ಲಾ ಹೊತ್ತು ನಿಚ್ಚಣಿಕಿ ಮ್ಯಾಲ, ಒಲಿ ಮುಂದ ಯಾರೂ ಇಲ್ಲ. ಶನಿವಾರ ಡಿಸ್ಕಿನ ದೀಪ ಮಿಣಮಿಣ ಅಂದದ್ದು ಅದ. ವಿಎಂಸ್ಟ್ಯಾಟ್ ಅಂತ ಬರದು ಜಾಗಾ ಬಿಟ್ಟು 1 ಒತ್ತಿದ್ರ ಸೆಕೆಂಡಿಗೊಂದು ಸಾಲು ಬರ್ತದ. ಅದರಾಗ ಎಸ್ಐ, ಎಸ್ಒ ಅನ್ನೋ ಎರಡು ಕಾಲಂ ಸೊನ್ನಿ ಇದ್ರ ಯಾರೂ ಅಟ್ಟ ಹತ್ತಿಲ್ಲ. ದೊಡ್ಡ ಅಂಕಿ ಒಂದೇ ಸವನ ಬರ್ಲಿಕ್ಕತ್ತಿದ್ರ ಏನರೆ ಮುಚ್ಚಬೇಕು. ಮೊದ್ಲನೇ ಸಾಲು ಬಿಡ್ರಿ, ಅದು ಮಷೀನ್ ಚಾಲೂ ಮಾಡಿದಾಗಿಂದ ಇಲ್ಲಿ ತನಕದ ಸರಾಸರಿ.

ಇನ್ನ ಯಾರು ತಿಂದ್ರು ಅನ್ನೂದು. ಟಾಪ್ ಅಂತ ಒತ್ತಿ, ಆಮ್ಯಾಲ ಶಿಫ್ಟ್ ಹಿಡಿದು ಎಂ ಒತ್ರಿ. ಹೆಚ್ಚು ಮೆಮೊರಿ ಹಿಡಿದವ್ರು ಮ್ಯಾಲ ಬರ್ತಾರ. ಇಲ್ಲಿ ನಾ ಹೆದರಿ ಮತ್ತ ಬೆಂಗಳೂರಿಗೆ ಫೋನ್ ಹಚ್ಚಿದ್ದೆ. ಬ್ರೌಸರ್ ಮುಂದ ವಿಐಆರ್‌ಟಿ ಅಂಬೋ ಕಾಲಂನಾಗ 10 ಜಿಬಿಗಿಂತ ಹೆಚ್ಚಿಗಿ ಇತ್ತು. ಇರೂ ಕಟ್ಟಿ 4 ಜಿಬಿದು, ಅದರ ಮ್ಯಾಲ 10 ಜಿಬಿ ಹೆಂಗ ಕೂತದ? ಅದು ಲಗ್ನಪತ್ರಿಕಿ ಹಂಚಿದ ಲೆಕ್ಕ. ಕೇಳಿ ಇಟ್ಟದ್ದು, ಬಂದದ್ದಲ್ಲ. ಪಂಕ್ತಿಗೆ ಬಂದು ಕೂತವ್ರ ಲೆಕ್ಕ ಆರ್‌ಇಎಸ್ ಅನ್ನೋ ಕಾಲಂ. ಅದನ್ನ ನೋಡಬೇಕು. ಅದನ್ನೂ ಎಲ್ಲಾ ಕೂಡಿಸಿ ಟೋಟಲ್ಲಿಗೆ ತಾಳಿ ನೋಡ್ಲಿಕ್ಕೆ ಹೋಗಬ್ಯಾಡ್ರಿ. ಭಾಳ ಪ್ರೋಗ್ರಾಮ್‌ಗಳು ಒಂದ ಲೈಬ್ರರಿನ್ನ ಹಂಚಿಕೊಂಡಿರ್ತಾವ, ಪ್ರತಿಯೊಬ್ಬರ ಲೆಕ್ಕದಾಗೂ ಅದು ಬರ್ತದ. ಒಂದ ಇಳಿಗಿನ್ನ ಮೂರು ಸೊಸಿಯರು ನಂದು ನಂದು ಅಂತ ಎಣಿಸಿದಂಗ.

ನನ್ನಲ್ಲಿ ಸಿಕ್ಕವ್ರು ಇಬ್ಬರು. ಒಬ್ಬರು ನಾನ. ಬ್ರೌಸರ್‌ನಾಗ 34 ಟ್ಯಾಬು ತಗದಿಟ್ಟಿದ್ದೆ. ಸಾಬೂದಾಣಿ ವಡಾ ಮಾಡೂದು, ಮಗಳ ಊರಿನ ಹವಾ, ಅರ್ಧಾ ನೋಡಿ ಬಿಟ್ಟ ಧಾರಾವಾಹಿ, ನಮ್ಮನಿಯವ್ರ ಫೋನಿನ ಮೆಸೇಜು, ರಂಗೋಲಿ. ಆಮ್ಯಾಲ ಓದೂಣಂತ ಇಟ್ಟದ್ದು. ಪೇಪರಿನ ರದ್ದಿ ಎಂದರೆ ಕೆಲಸಕ್ಕ ಬಂದೀತು ಅಂತ ಒಟ್ಟುವ ನಮ್ಮ ಅತ್ತಿ ಗುಣ ನನಗೂ ಬಂದದ ಅಂತ ಅವತ್ತು ತಿಳೀತು. ಬೇಕಾದ್ದನ್ನ ಬುಕ್‌ಮಾರ್ಕ್ ಮಾಡಿ ನಾಲ್ಕು ಉಳಿಸಿದೆ. ಅವೇಲೆಬಲ್ ಒಮ್ಮೆಲೆ ಏರಿತು.

ಹಂಗಂತ ಎಲ್ಲಾ ತಪ್ಪು ನಂದ ಅಂತ ಒಪ್ಪೂದಿಲ್ಲ. ಒಂದು ಪುಟ, ಅದರಾಗ ಇರೂದು ಎಂಟು ಸಾಲು ಅಡಿಗಿ ವಿಧಾನ, ಅದರ ಸುತ್ತ ಜಾಹೀರಾತು, ತಾನ ಚಾಲೂ ಆಗೂ ವಿಡಿಯೊ, ಕುಣಿಯೂ ಚಿತ್ರ. ನನ್ನ ಮಷೀನ್‌ನಾಗ ಅಂಥಾ ಒಂದೊಂದು ಪುಟ 200, 300 ಎಂಬಿ ಹಿಡಿದು ಕೂತಿತ್ತು. ಭಿಶಿ ಲೆಕ್ಕದ ಪೂರಾ ಹಾಳಿಗೆ ಅಷ್ಟು ಬೇಕಾಗೂದಿಲ್ಲ. "ರ‍್ಯಾಮ್ ಏನು ಮೌಶಿ, ಇನ್ನೊಂದು ಪಟ್ಟಿ ಹಾಕಿಸಿದ್ರಾತು" ಅಂತಾನ ನಮ್ಮ ಹುಡುಗ. ಗಳಿಸೂ ಹುಡುಗ, ಅಂವಂಗ ಹಗುರ. ಪುಟ ಮಾಡೂವ್ರು ದುಂದು ಮಾಡೂದು, ಅದರ ಖರ್ಚು ನಾವು ಭರಿಸೂದು, ಇದು ಯಾವ ನ್ಯಾಯ? ಬೀಗರು ತುಪ್ಪಾ ಚೆಲ್ಲಿದ್ರ ನಾವು ಇನ್ನೊಂದು ಡಬ್ಬಿ ತರಬೇಕೇನು?

ಇನ್ನೊಬ್ಬಾಂವ ಸಿಕ್ಕದ್ದು ಕ್ಯಾಲೆಂಡರಿನಿಂದ. ಟ್ಯಾಬು ಮುಚ್ಚಿದಮ್ಯಾಲೂ ದಿನಾ ಸಂಜಿ ಅವೇಲೆಬಲ್ ಸ್ವಲ್ಪ ಸ್ವಲ್ಪ ಇಳಕೋತ ಬರ್ತಿತ್ತು. ಮುಂಜಾನೆ ಏರೂದಿಲ್ಲ. (ನಾ ಬಂದ್ ಮಾಡೂದಿಲ್ಲ, ಮುಚ್ಚಳ ಹಾಕಿ ಇಟ್ಟುಬಿಡ್ತೀನಿ.) ನೋಡಿದ್ರ, ಪರದೆ ಮೂಲ್ಯಾಗ ಮಳಿ ಬಿಸಿಲು ತೋರಿಸ್ಲಿ ಅಂತ ಚಂದಕ್ಕ ಹಾಕಿಕೊಂಡಿದ್ದ ಒಂದು ಸಣ್ಣ ಪ್ರೋಗ್ರಾಮ್, ಮೊದ್ಲನೇ ದಿನ 40 ಎಂಬಿ ಇದ್ದದ್ದು ಎಂಟನೇ ದಿನ 600 ದಾಟಿತ್ತು. ಕೇಳಿ ತಗೊಂಡದ್ದನ್ನ ಹೊಳ್ಳಿ ಕೊಡೂದ ಮರತದ. ಇದಕ್ಕ ಮೆಮೊರಿ ಲೀಕ್ ಅಂತಾರ. ಒಮ್ಮೆ ನೋಡಿದ್ರ ಇದು ಸಿಗೂದಿಲ್ಲ, ಅಂಗಡ್ಯಾಂವಗೂ ಸಿಗೂದಿಲ್ಲ. ದಿನಾ ಬರದವ್ರಿಗೆ ಸಿಗ್ತದ. ಹಾಲಿನ ಲೆಕ್ಕಾ, ದೋಬಿ ಲೆಕ್ಕಾ ಬರಿಯೂ ನಮಗ ಇದು ಯಾವ ದೊಡ್ಡ ಮಾತು? ಅದನ್ನ ತಗದು ಹಾಕಿದೆ. ಮಳಿ ಬಂದ್ರ ಕಿಡಕ್ಯಾಗ ಕಾಣ್ತದ.

ಇನ್ನೊಂದು ಹೇಳಿಬಿಡ್ತೀನಿ, ಯಾಕಂದ್ರ ನಮ್ಮ ಮೌಶಿ ಮಗಳಿಗೆ ಹಿಂಗಾಗೇದ. ಕೆಲಸಾ ಮಾಡ್ಕೋತ ಇದ್ದಾಗ ಬ್ರೌಸರ್ ಒಮ್ಮೆಲೆ ಮಾಯ. ವೈರಸ್ ಅಂತ ಆಕಿ ಅತ್ತಳು. ವೈರಸ್ ಅಲ್ಲ. ಕಟ್ಟಿನೂ ತುಂಬಿ ಅಟ್ಟನೂ ತುಂಬಿ ಸರಿಸಲಿಕ್ಕೆ ಡಬ್ಬಿನೂ ಉಳಿಯದಾದಾಗ, ಕರ್ನಲ್ಲು ಹೆಚ್ಚು ಜಾಗಾ ಹಿಡಿದವರನ್ನ ಆರಿಸಿ ಹೊರಗ ಹಾಕ್ತದ, ಉಳಿದವ್ರು ಬದುಕ್ಲಿ ಅಂತ. ಜರ್ನಲ್‌ಸಿಟಿಎಲ್ ಅಂತ ಬರದು ಜಾಗಾ ಬಿಟ್ಟು ಅಡ್ಡಗೀಟು ಕೆ ಒತ್ತಿದ್ರ ಕರ್ನಲ್ಲಿನ ದಿನಚರಿ ತಗೀತದ. ಅದರಾಗ "ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೊಸೆಸ್" ಅಂತ ಹೆಸರು ಸಮೇತ ಇರ್ತದ. ಮಾಡಿದ್ದನ್ನ ಮುಚ್ಚಿಡೂದಿಲ್ಲ, ಅಷ್ಟು ಪ್ರಾಮಾಣಿಕ. ಉಬುಂಟು 22.04ರಾಗಿಂದ ಸಿಸ್ಟಮ್‌ಡಿ-ಓಓಎಂಡಿ ಅಂಬೋ ಇನ್ನೊಬ್ಬ ಕಾವಲುಗಾರ ಬಂದಾನ, ಅಂವ ಪರಿಸ್ಥಿತಿ ಅಷ್ಟು ಕೆಡೂದಕ್ಕಿಂತ ಮೊದ್ಲ ಹೊರಗ ಹಾಕ್ತಾನ. ಬಂದ ಹೊಸದಾಗಿ ಭಾಳ ಮಂದಿ ಅಂವನ್ನ ಬೈದ್ರು, ಬ್ರೌಸರ್ ಸುಮ್ಮಸುಮ್ಮನ ಮುಚ್ಚತಾನ ಅಂತ.

ಇನ್ನ ವೈನಿ ಮನಿ.

ಗುರುವಾರ ಹೋದೆ. ಅವ್ರದ್ದೂ ಲಿನಕ್ಸ, ನಮ್ಮ ಹುಡುಗನ ಹಾಕಿ ಕೊಟ್ಟದ್ದು, 8 ಜಿಬಿದು. ಫ್ರೀ ಕೊಟ್ಟು ನೋಡಿದ್ರ ಟೋಟಲ್ 7.6, ಫ್ರೀ 300 ಎಂಬಿ, ಅವೇಲೆಬಲ್ 5.2 ಜಿಬಿ. ಸ್ವಾಪ್ ಸೊನ್ನಿ. ಮೆಮೊರಿ ತುಂಬಿಲ್ಲ, ಅರ್ಧಕ್ಕಿಂತ ಹೆಚ್ಚು ತೆರವು ಅದ. ಹಂಗಾರ ಏನು ಉಳಿಸ್ಲಿಕ್ಕೆ ಹೋದ್ರೂ ಆಗೂದಿಲ್ಲ ಅಂತದಲ್ಲ, ಯಾಕ? ಐದು ನಿಮಿಷ ನಾನೂ ಪೆಚ್ಚಾಗಿ ಕೂತೆ. ಆಮ್ಯಾಲ ಹೊಳೀತು. ನಾವು ಫೋನಿನ್ಯಾಗ ಫೋಟೊ ತುಂಬಿದ್ರೂ "ಮೆಮೊರಿ ಫುಲ್" ಅಂತೀವಲ್ಲ! ಅದು ಕಟ್ಟಿ ಅಲ್ಲ, ಸಾಮಾನಿನ ಖೋಲಿ. ನಾವು ಎರಡಕ್ಕೂ ಒಂದ ಹೆಸರು ಇಟ್ಟೀವಿ. ಅಂಗಡ್ಯಾಂವ ಹೇಳಿದ ಮಾತು ಒಂದು, ವೈನಿ ಕೇಳಿದ್ದು ಒಂದು ಆಗಿರಬಹುದು, ಅಂವನ್ನ ಪೂರಾ ಬೈಯ್ಯಲಾರೆ. ಆದ್ರ ಹೊಸಾದು ತಗೋರಿ ಅಂದದ್ದಕ್ಕ ಬೈತೀನಿ.

ಡಿಎಫ್ ಜಾಗಾ ಅಡ್ಡಗೀಟು ಎಚ್. ಡಿಸ್ಕ್ 99 ಪರ್ಸೆಂಟ್ ತುಂಬಿತ್ತು. "ನಾ ಮಗಳ ಲಗ್ನದ ವಿಡಿಯೊ ಎಲ್ಲಾ ಪೆನ್‌ಡ್ರೈವಿಗೆ ಹಾಕಿ ಇದರಾಗಿಂದು ಅಳಿಸೀನ್ರಿ" ಅಂದ್ರು ವೈನಿ. ಅಳಿಸಿದ್ರು, ಆದ್ರ ಅವು ಟ್ರ್ಯಾಶಿನ್ಯಾಗ ಕೂತಿದ್ವು. ಮನಿ ಕಸಾ ಗೂಡಿಸಿ ಬಾಗಿಲ ಹಿಂದ ಗುಡ್ಡಿ ಹಾಕಿದಂಗ. ಪೆನ್‌ಡ್ರೈವಿನ್ಯಾಗ ವಿಡಿಯೊ ಓಡ್ತಾವೋ ಇಲ್ಲೋ ಅಂತ ಮೊದ್ಲ ಹಚ್ಚಿ ನೋಡಿದೆವು. ಮಗಳು ಸಾವಿಗೆಯಾಗ ಹಾರ ಹಾಕೂದು ಬಂತು, ವೈನಿ ಕಣ್ಣು ಒರಿಸ್ಕೊಂಡ್ರು. ಆಮ್ಯಾಲ ಟ್ರ್ಯಾಶ್ ಖಾಲಿ ಮಾಡಿದೆ. ಅದರ ಜೋಡಿ ಟೈಮ್‌ಶಿಫ್ಟ್ ಅಂತ ಒಂದದ, ಮಷೀನ್ ಕೆಟ್ಟರ ಹಿಂದಿನ ಸ್ಥಿತಿಗೆ ಹೋಗ್ಲಿಕ್ಕೆ ಬರ್ಲಿ ಅಂತ ಪ್ರತಿ ಇಟ್ಟುಕೋತ ಹೋಗ್ತದ. ದಿನಕ್ಕೊಂದು ಅಂತ ಕೂತಿತ್ತು. ಹೊಸಾ ಎರಡು ಬಿಟ್ಟು ಹಳೇವು ಅದರ ಒಳಗಿಂದನ ತಗದೆ. ಕೈಲೆ ಫೋಲ್ಡರ್ ಹುಡುಕಿ ಅಳಿಸ್ಲಿಕ್ಕೆ ಹೋಗಬ್ಯಾಡ್ರಿ. 99 ಇದ್ದದ್ದು 58ಕ್ಕ ಬಂತು. ಮಷೀನ್ ಹೊಳ್ಳಿ ಚಾಲೂ ಮಾಡಿದ್ವಿ, ವೈನಿ ಒಂದು ಕಾಗದ ಬರದು ಉಳಿಸಿ ನೋಡಿದ್ರು. ಉಳೀತು.

ಖರೇನ ಹೊಸಾ ರ‍್ಯಾಮ್ ಬೇಕಾಗೂದೂ ಇರ್ತದ, ಇಲ್ಲ ಅನ್ನೂದಿಲ್ಲ. ಬೇಡದ್ದೆಲ್ಲಾ ಮುಚ್ಚಿ, ಬೇಕಾದ ಕೆಲಸಷ್ಟ ಇಟ್ಟುಕೊಂಡು, ನಾಲ್ಕು ದಿನ ಬರದು ನೋಡಿದ್ರೂ ಅವೇಲೆಬಲ್ ತಳ ಕಾಣ್ತದ, ಎಸ್ಐ ಎಸ್ಒ ಓಡ್ತಾವ ಅಂದ್ರ ಹಾಕಿಸ್ರಿ. ಅವಾಗೂ ಪೂರಾ ಮಷೀನ್ ಬದಲಿ ಬ್ಯಾಡ, ರ‍್ಯಾಮಿನ ಪಟ್ಟಿ ಹಾಕ್ಲಿಕ್ಕೆ ಜಾಗಾ ಅದನೋ ಇಲ್ಲೋ ಮೊದ್ಲ ಕೇಳ್ರಿ. ನನ್ನದಕ್ಕ ಇನ್ನೂ ಹಾಕಿಸಿಲ್ಲ.

ಈ ತಿಂಗಳ ಭಿಶಿ ವೈನಿ ತಗೊಳ್ಳಲಿಲ್ಲ. ಹಿಂದಿನ ಓಣಿ ಹುಡುಗಿಗೆ ಹೋತು, ಹೊಸಾ ಹೊಲಿಗಿ ಮಷೀನಿಗೆ. ನಾ ಈಗ ಲೆಕ್ಕಾ ಕಂಪ್ಯೂಟರ್‌ನಾಗೂ ಬರೀತೀನಿ, ನೋಟ್‌ಬುಕ್ಕಿನ್ಯಾಗೂ ಬರದು ಕೊಟ್ಟವ್ರ ಸಹಿ ತಗೋತೀನಿ. ಆ ಹುಡುಗಿ ಕಂತು ಕೊಡ್ಲಿಕ್ಕೆ ಬಂದ್ರ ಸಹಿ ಹಾಕಿದಮ್ಯಾಲೂ ಹೋಗೂದಿಲ್ಲ. ನನ್ನ ಬಾಜೂಕ ನಿಂತು ಪರದೆ ನೋಡಿ "ಕಾಕು, ಕಂಟ್ರೋಲ್ ಎಸ್ ಒತ್ತಿದ್ರೇನು?" ಅಂತ ಕೇಳ್ತಾಳ. ಒತ್ತಿದೆ ಅಂದ್ರೂ, "ಇನ್ನೊಮ್ಮೆ ಒತ್ರಿ" ಅಂತಾಳ. ಒತ್ತತೀನಿ.